ಚಳಿಯಿಲ್ಲದ ಊರಿನ ಉಲ್ಲನ್ ಚೀಲ

ಮುಂಬಯಿಯಲ್ಲಿ ಸ್ವೆಟರ್ ಹೆಣೆಯುವವರನ್ನು ಕಂಡರೆ ಊರಿಂದ ಬಂದ ನೆಂಟರಿಗೆ ನಗು. "ಇಲ್ಲಿ ಫ್ಯಾನ್ ಇಲ್ಲದೆ ಐದು ನಿಮಿಷ ಕೂರಲಿಕ್ಕಾಗುವುದಿಲ್ಲ, ಇದು ಯಾರಿಗೆ ಮಾರಾಯ್ತಿ?" ಎಂದು ಕೇಳುತ್ತಾರೆ. ಕೇಳಬೇಕಾದ್ದೇ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.4 ಡಿಗ್ರಿ. ಅದು 1962ರ ಜನವರಿ 22ರ ಮಾತು. ಅಂಥ ಚಳಿ ಮತ್ತೆ ಬಂದಿಲ್ಲ. ಹೆಚ್ಚಿನ ವರ್ಷ ನಮ್ಮ ಚಳಿಗಾಲ ಎಂದರೆ ಜನವರಿಯಲ್ಲಿ ನಾಲ್ಕು ದಿನ ಬೆಳಗಿನ ಲೋಕಲಿನ ಕಿಟಕಿ ಮುಚ್ಚುವುದು, ಅಷ್ಟೆ. ಆದರೂ ಡೊಂಬಿವಲಿ, ಮುಲುಂಡ್, ಬೊರಿವಿಲಿ, ಮಾಟುಂಗ ಎಲ್ಲೇ ಹೋಗಿ, ಒಂದಿಷ್ಟು ವಯಸ್ಸಾದ ಹೆಂಗಸರಿರುವ ಮನೆಯಲ್ಲಿ ಕಪಾಟಿನ ಮೇಲೋ ಮಂಚದ ಕೆಳಗೋ ಉಲ್ಲನ್ನಿನ ಒಂದು ಚೀಲ ಸಿಕ್ಕಿಯೇ ಸಿಗುತ್ತದೆ.

ಆ ಚೀಲ ಬಿಚ್ಚಿ ನೋಡಿ. ಒಳಗೆ ಇರುವುದು ಒಂದು ಕೆಲಸವಲ್ಲ. ನನ್ನದರಲ್ಲೇ ಈಗ ನಾಲ್ಕಿವೆ. ಹುಟ್ಟಲಿರುವ ಮಗುವಿಗೆ ಒಂದು ಟೊಪ್ಪಿ, ಕಂಕುಳಿನವರೆಗೆ ಬಂದು ನಿಂತ ಕಂದು ಬಣ್ಣದ ಸ್ವೆಟರಿನ ಹಿಂಭಾಗ, ಕ್ರೋಶಾದಲ್ಲಿ ಮಾಡುತ್ತಿರುವ ಒಂದು ಟೇಬಲ್ ಕ್ಲಾತ್, ಜೋಡಿ ಇಲ್ಲದ ಒಂದು ಕಾಲುಚೀಲ. "ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕಬಾರದೇ?" ಎಂದು ಮನೆಯ ಗಂಡಸರು ಕೇಳುವುದುಂಟು. ಇದು ಚಂಚಲತೆ ಅಂತ ಅವರ ಅಭಿಪ್ರಾಯ. ನನಗೆ ಹಾಗನ್ನಿಸುವುದಿಲ್ಲ. ಚಳಿಯಿಲ್ಲದ ಊರಿನಲ್ಲಿ ಉಲ್ಲನ್ ಯಾಕೆ, ಒಟ್ಟಿಗೆ ನಾಲ್ಕು ಕೆಲಸ ಯಾಕೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ ಅನ್ನಿಸುತ್ತದೆ. ಅದನ್ನು ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೆಣೆಯುವುದು ನಮ್ಮದೇ, ಕಡ್ಡಿ ಹೊರಗಿನದು

'ಹೆಣೆ' ಎಂಬ ಕ್ರಿಯಾಪದ ನಮಗೆ ಹೊಸದಲ್ಲ. ಚಾಪೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ, ಜಡೆ ಹೆಣೆಯುತ್ತೇವೆ. ಕರಾವಳಿಯಲ್ಲಿ ಮೀನಿನ ಬಲೆ ಹೆಣೆಯುತ್ತಾರೆ. ಉಣ್ಣೆಯೂ ಹೊಸದಲ್ಲ. ಕುರುಬರ ಕಂಬಳಿ ಇಲ್ಲದ ಬಯಲುಸೀಮೆಯ ಮನೆ ಇತ್ತೇ? ಆದರೆ ಕಂಬಳಿ ಮಗ್ಗದ ಮೇಲೆ ನೇಯುವಂಥದ್ದು. ಹಾಸು, ಹೊಕ್ಕು ಎಂದು ಎರಡು ನೂಲು ಬೇಕು, ಕುಳಿತು ಮಾಡುವ ಜಾಗ ಬೇಕು. ಮುಂಬಯಿಯಲ್ಲಿ ಪಾರ್ಸಿಗಳು ಸೊಂಟಕ್ಕೆ ಕಟ್ಟಿಕೊಳ್ಳುವ 'ಕುಸ್ತಿ' ಎಂಬ ಪವಿತ್ರ ದಾರವೂ ಕುರಿಯ ಉಣ್ಣೆಯದೇ. ಅದರಲ್ಲಿ 72 ಎಳೆ. ಪುರೋಹಿತರ ಮನೆತನದ ಹೆಂಗಸರು ಚಿಕ್ಕ ಮಗ್ಗದಲ್ಲಿ ಅದನ್ನು ನೇಯುತ್ತಾ ಬಂದಿದ್ದಾರೆ. ಅಂದರೆ ಈ ಬಿಸಿ ಊರಿಗೆ ಉಣ್ಣೆ ಅಪರಿಚಿತವೇನಲ್ಲ.

ಎರಡು ಕಡ್ಡಿ ಹಿಡಿದು, ಒಂದೇ ದಾರದಿಂದ ಕುಣಿಕೆಯೊಳಗೆ ಕುಣಿಕೆ ತೂರಿಸುತ್ತಾ ಬಟ್ಟೆ ಮಾಡುವ ಈ ವಿದ್ಯೆ ಮಾತ್ರ ನಮ್ಮಲ್ಲಿ ಬಹುಮಟ್ಟಿಗೆ ಯುರೋಪಿನವರ ಜೊತೆ ಹರಡಿದ್ದು. ಇಂಗ್ಲೆಂಡಿನಲ್ಲಿ 1830-40ರ ದಶಕಗಳಲ್ಲಿ ಹೆಣಿಗೆಯ ಅಚ್ಚಾದ ಪುಸ್ತಕಗಳು ಜನಪ್ರಿಯವಾದವು. ಒಳ್ಳೆಯ ಮನೆತನದ ಹೆಣ್ಣು ಸುಮ್ಮನೆ ಕೂರಬಾರದು, ಕೈಯಲ್ಲಿ ಏನಾದರೂ ಇರಬೇಕು ಎಂಬುದು ಆ ಕಾಲದ ಶಿಸ್ತು. ಅದೇ ಶಿಸ್ತು ಹಡಗು ಹತ್ತಿ ಇಲ್ಲಿಗೂ ಬಂತು. ಮುಂಬಯಿಯಲ್ಲಿ ಅಮೆರಿಕನ್ ಮಿಷನರಿಗಳು 1824ರಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆದರು. 1829ರಲ್ಲಿ ಬಂದ ಮಾರ್ಗರೆಟ್ ವಿಲ್ಸನ್ ಇನ್ನಷ್ಟು ಶಾಲೆಗಳನ್ನು ಕಟ್ಟಿದರು. ನಮ್ಮ ಕಡೆ 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಮಿಷನ್ ಶಾಲೆಗಳಲ್ಲಿ ಓದು, ಬರಹ, ಲೆಕ್ಕದ ಜೊತೆ ಹೊಲಿಗೆ, ಹೆಣಿಗೆಯೂ ಪಾಠವೇ ಆಗಿತ್ತು. ಹೆಣ್ಣು ಓದುವುದೇಕೆ ಎಂದು ಗೊಣಗುವ ತಂದೆತಾಯಿಗೆ ತೋರಿಸಲು ಕೈಕೆಲಸ ಒಂದು ಸಮಾಧಾನ. ಅಕ್ಷರ ಕಣ್ಣಿಗೆ ಕಾಣುವುದಿಲ್ಲ, ಹೆಣೆದ ಟೊಪ್ಪಿ ಕಾಣುತ್ತದೆ ನೋಡಿ!

ಇಪ್ಪತ್ತನೆಯ ಶತಮಾನಕ್ಕೆ ಬರುವಾಗ ಈ ಕೆಲಸ ಸುಧಾರಕರ ಕೈಗೂ ಬಂತು. ಬೆಹ್ರಾಮ್‌ಜಿ ಮಲಬಾರಿ ಮತ್ತು ದಯಾರಾಮ್ ಗಿಡುಮಲ್ 1908ರಲ್ಲಿ ಮುಂಬಯಿಯಲ್ಲಿ ಸೇವಾ ಸದನ ಶುರು ಮಾಡಿದರು. ವಿಧವೆಯರು, ನಿರ್ಗತಿಕ ಹೆಂಗಸರು ನಾಲ್ಕು ಕಾಸು ಸಂಪಾದಿಸಿ ಬದುಕಲಿ ಎಂದು ಅಲ್ಲಿ ಕೈಕೆಲಸದ ತರಗತಿಗಳು ನಡೆದವು. ಮಿಷನರಿಗಳ ಪಾಲಿಗೆ ಶಿಸ್ತಾಗಿದ್ದದ್ದು ಇಲ್ಲಿ ಅನ್ನದ ದಾರಿಯಾಯಿತು.

ಬೆಳಗಾವಿಯ ನಿರ್ಣಯ

ನಮ್ಮ ನಾಡಿಗೇ ಸೇರಿದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದವನು ತಿಂಗಳಿಗೆ 2000 ಗಜ ನೂಲು ಕೊಡಬೇಕು ಎಂಬ ನಿಯಮ ಅಲ್ಲಿ ಒಪ್ಪಿಗೆಯಾಯಿತು. ಬಹಳ ಕಾಲ ನಿಲ್ಲಲಿಲ್ಲ, ಮರುವರ್ಷವೇ ಸಡಿಲಾಯಿತು. ಆದರೆ ಅದರ ಹಿಂದಿನ ಲೆಕ್ಕ ಗಮನಿಸಿ. ದಿನಕ್ಕೆ ಅರ್ಧ ಗಂಟೆ ದೇಶಕ್ಕಾಗಿ ನೂಲಿ ಎಂಬುದು ಗಾಂಧೀಜಿಯ ಒತ್ತಾಯ. ಚರಕ ಇಲ್ಲದಿದ್ದರೆ ತಕಲಿ. ತಕಲಿಯನ್ನು ಜೋಳಿಗೆಯಲ್ಲಿ ಇಟ್ಟುಕೊಂಡು ಎಲ್ಲಿ ಬೇಕಾದರೂ ಹೋಗಬಹುದು, ಮಾತಾಡುತ್ತಾ ನೂಲಬಹುದು.

ಚೂರುಪಾರು ಸಮಯವನ್ನು ಕೂಡಿಸಿದರೆ ಅದೂ ಒಂದು ಸಂಪತ್ತು ಎಂಬುದನ್ನು ಗಂಡಸರಿಗೆ ಕಲಿಸಲು ಕಾಂಗ್ರೆಸ್ ಒಂದು ನಿರ್ಣಯವನ್ನೇ ಮಾಡಬೇಕಾಯಿತು. ಹೆಂಗಸರಿಗೆ ಅದು ಮೊದಲೇ ಗೊತ್ತಿತ್ತು. ಅನ್ನ ಬೇಯುವ ಹೊತ್ತು, ಮಗು ಮಲಗಿದ ಹೊತ್ತು, ನಲ್ಲಿಯಲ್ಲಿ ನೀರು ಬರುವುದನ್ನು ಕಾಯುವ ಹೊತ್ತು, ಎಲ್ಲವೂ ಅವರ ಬಳಿ ಚೂರಾಗಿಯೇ ಇತ್ತು. ಒಂದು ವ್ಯತ್ಯಾಸ ಉಳಿಯಿತು. ತಕಲಿ ಹಿಡಿದು ಕೂತವನದು ದೇಶಸೇವೆ ಎನಿಸಿತು. ಕಡ್ಡಿ ಹಿಡಿದು ಕೂತವಳದು 'ಟೈಂಪಾಸ್' ಎನಿಸಿತು.

ಯುದ್ಧ ಬಂದಾಗ ಸಿಕ್ಕ ಗೌರವ

ಟೈಂಪಾಸಿಗೆ ಗೌರವ ಸಿಕ್ಕಿದ್ದು ಯುದ್ಧಗಳ ಕಾಲದಲ್ಲಿ. 1914ರಲ್ಲಿ ಭಾರತದ ಸಿಪಾಯಿಗಳನ್ನು ಹಡಗಿನಲ್ಲಿ ಫ್ರಾನ್ಸಿಗೆ ಕಳಿಸಿದರು. ಅಲ್ಲಿ ಹಿಮ ಬೀಳುವ ಕಾಲ ಹತ್ತಿರ ಬಂದಿತ್ತು. ಮುಂಬಯಿಯಲ್ಲಿ ಗವರ್ನರರ ಪತ್ನಿ ಲೇಡಿ ವಿಲ್ಲಿಂಗ್ಡನ್ ಮುಂದಾಳತ್ವದಲ್ಲಿ ಯುದ್ಧ ಪರಿಹಾರ ನಿಧಿಯ ಮಹಿಳಾ ಶಾಖೆ ಕೆಲಸಕ್ಕಿಳಿಯಿತು. ನಗರದ ಬೇರೆಬೇರೆ ಸಮಾಜದ ಹೆಂಗಸರು ಸೈನಿಕರಿಗೆ ಬಟ್ಟೆಬರೆ ಸಿದ್ಧಪಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ರೆಡ್‌ಕ್ರಾಸ್ ಮೂಲಕ ಮತ್ತೆ ಅದೇ ನಡೆಯಿತು.

ಆದರೆ ಈಗ ಬದುಕಿರುವವರ ನೆನಪಿನಲ್ಲಿ ಗಟ್ಟಿಯಾಗಿ ಕೂತಿರುವುದು 1962. ಅಕ್ಟೋಬರ್ 20ಕ್ಕೆ ಚೀನಾ ದಾಳಿ ಮಾಡಿತು. ನಮ್ಮ ಜವಾನರು ಹಿಮಾಲಯದ ಎತ್ತರದಲ್ಲಿ ಹತ್ತಿಯ ಬಟ್ಟೆ, ಕ್ಯಾನ್ವಾಸ್ ಬೂಟು ಹಾಕಿಕೊಂಡು ನಿಂತಿದ್ದಾರೆ ಎಂಬ ಸುದ್ದಿ ಬಂದಾಗ ದೇಶವೇ ಕಡ್ಡಿ ಹಿಡಿಯಿತು. ಮುಖ್ಯಮಂತ್ರಿಯಾಗಿದ್ದ ಯಶವಂತರಾವ್ ಚವ್ಹಾಣರು ಮುಂಬಯಿ ಬಿಟ್ಟು ರಕ್ಷಣಾ ಮಂತ್ರಿಯಾಗಲು ದೆಹಲಿಗೆ ಹೊರಟಿದ್ದೂ ಆ ನವೆಂಬರಿನಲ್ಲೇ. ಹೆಂಗಸರು ರಕ್ಷಣಾ ನಿಧಿಗೆ ಬಳೆ ಬಿಚ್ಚಿ ಕೊಟ್ಟರು. ಶಾಲೆ, ಕಾಲೇಜು, ಮಹಿಳಾ ಮಂಡಲಗಳಲ್ಲಿ ಜವಾನರಿಗಾಗಿ ಸ್ವೆಟರು, ಮಫ್ಲರು, ಕೈಗವಸು, ಕಾಲುಚೀಲ ಹೆಣೆದರು. ಮುಂಬಯಿಯ ದಾಖಲೆಯ ಚಳಿಯೂ ಅದೇ ವರ್ಷದ ಜನವರಿಯದು. ಚಳಿ ಎಂದರೇನು ಎಂದು ಆ ವರ್ಷ ಮುಂಬಯಿಗೂ ಸ್ವಲ್ಪ ಗೊತ್ತಿತ್ತು ಅನ್ನೋಣ.

ನಮಗಿಂತ ಹಿರಿಯರಾದ ಅನೇಕ ಹೆಂಗಸರು ಕಡ್ಡಿ ಹಿಡಿಯಲು ಕಲಿತದ್ದೇ ಆಗ. ಮನೆಯ ಅಡುಗೆ, ಮಕ್ಕಳ ಪರೀಕ್ಷೆ, ನೀರಿನ ಪಾಳಿ ಯಾವುದೂ ನಿಂತಿರಲಿಲ್ಲ. ಮಗನ ಸ್ವೆಟರು ಅರ್ಧದಲ್ಲಿದ್ದರೆ ಅದನ್ನು ಬದಿಗಿಟ್ಟು ಜವಾನನದು ಶುರು ಮಾಡಬೇಕಾಗುತ್ತಿತ್ತು. ಆಗ "ಒಟ್ಟಿಗೆ ಎರಡು ಯಾಕೆ?" ಎಂದು ಯಾರೂ ಕೇಳಿರಲಿಕ್ಕಿಲ್ಲ! 1965, 1971ರಲ್ಲೂ ಕಡ್ಡಿಗಳು ಮತ್ತೆ ಹೊರಬಂದವು. ಯುದ್ಧ ಮುಗಿದ ಮೇಲೆ ಕೈಗಳು ಮಾತ್ರ ಸುಮ್ಮನಾಗಲಿಲ್ಲ. ಕಲಿತ ವಿದ್ಯೆ ಬಿಡುತ್ತದೆಯೇ?

ಕಾಯಿದೆ ಕೊಟ್ಟ ಜಗಲಿ

ಇನ್ನು ರೈಲಿನ ಮಾತು. ಮುಂಬಯಿಯ ಹೆಣಿಗೆಯ ಇತಿಹಾಸ ಲೋಕಲ್ ಇಲ್ಲದೆ ಪೂರ್ತಿಯಾಗದು.

1890ರ ರೈಲ್ವೆ ಕಾಯಿದೆಯಲ್ಲಿ ಒಂದು ಕಲಮು ಇತ್ತು. ಪ್ರಯಾಣಿಕರ ಪ್ರತಿಯೊಂದು ರೈಲಿನಲ್ಲೂ ಅತಿ ಕೆಳ ದರ್ಜೆಯ ಕಡೇಪಕ್ಷ ಒಂದು ಕಂಪಾರ್ಟ್‌ಮೆಂಟು ಹೆಂಗಸರಿಗೇ ಮೀಸಲಿರಬೇಕು ಎಂದು. ಪರದೆ, ಮರ್ಯಾದೆ ಎಂಬ ಯೋಚನೆಯಿಂದ ಬಂದ ನಿಯಮ. ಆದರೆ ಅದರಿಂದ ಆದದ್ದೇ ಬೇರೆ. ಊರಿನಲ್ಲಿ ಹೆಂಗಸರು ಮಧ್ಯಾಹ್ನ ಕೂರುತ್ತಿದ್ದ ಹಿಂದಿನ ಜಗಲಿ ಈ ಊರಿನ ಖೋಲಿಗಳಲ್ಲಿ ಇರಲಿಲ್ಲ. ಅದು ರೈಲಿನಲ್ಲಿ ಸಿಕ್ಕಿತು. 1925ರ ಫೆಬ್ರುವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿತು. ಮುಂದೆ ಉಪನಗರಗಳು ಬೆಳೆದ ಹಾಗೆ ಹೆಂಗಸರೂ ಆಫೀಸು, ಬ್ಯಾಂಕು, ಟೆಲಿಫೋನ್ ಎಕ್ಸ್‌ಚೇಂಜು, ಶಾಲೆಗಳಿಗೆ ದುಡಿಯಲು ಹೊರಟರು. 1992ರ ಮೇ 5ರಂದು ಚರ್ಚ್‌ಗೇಟ್-ಬೊರಿವಿಲಿ ನಡುವೆ ಇಡೀ ರೈಲೇ ಹೆಂಗಸರದ್ದಾದ 'ಲೇಡೀಸ್ ಸ್ಪೆಷಲ್' ಶುರುವಾಯಿತು. ಅದೇ ವರ್ಷ ಜುಲೈಯಲ್ಲಿ ನಮ್ಮ ಕಲ್ಯಾಣ್ ಲೈನಿಗೂ ಒಂದು ಬಂತು.

ಲೇಡೀಸ್ ಡಬ್ಬದಲ್ಲಿ ಏನೇನು ನಡೆಯುತ್ತದೆ ಎಂದು ಹೊಸದಾಗಿ ಹೇಳಬೇಕಿಲ್ಲ. ಬಟಾಣಿ ಸುಲಿಯುವುದು, ಮೆಂತ್ಯೆ ಸೊಪ್ಪು ಬಿಡಿಸುವುದು, ಭಜನೆ, ಸಂಕ್ರಾಂತಿಯ ಹಳದಿ-ಕುಂಕುಮ, ಕ್ಲಿಪ್ಪು-ಬಿಂದಿ ವ್ಯಾಪಾರ. ಅದರ ನಡುವೆ ಕಿಟಕಿ ಬದಿಯಲ್ಲಿ ಸೀಟು ಸಿಕ್ಕ ಪುಣ್ಯವಂತರ ಕೈಯಲ್ಲಿ ಉಲ್ಲನ್. ನಾನು ಕಡ್ಡಿ ಹಿಡಿಯುವುದನ್ನು ಕಲಿತದ್ದು ಊರಿನಲ್ಲೇ ಆದರೂ, ಡಿಸೈನು ಕಲಿತದ್ದು ಇಲ್ಲಿ. ಎದುರು ಕೂತವರು ಮರಾಠಿಯವರಾದರೆ ಅದು 'ಸುಲಟ-ಉಲಟ', ಹಿಂದಿಯವರಾದರೆ 'ಸೀಧಾ-ಉಲ್ಟಾ'. ಭಾಷೆ ಬಾರದಿದ್ದರೂ ಬೆರಳು ನೋಡಿದರೆ ಸಾಕು. ಮುಂಬಯಿಗೆ ಹೊಸದಾಗಿ ಬಂದ ನಮ್ಮಂಥ ಎಷ್ಟೋ ಕನ್ನಡದ ಹೆಣ್ಣುಮಕ್ಕಳಿಗೆ ಬೇರೆ ಭಾಷೆಯ ಮೊದಲ ಗೆಳತಿ ಸಿಕ್ಕಿದ್ದು ಹೀಗೆ.

ಯಾವ ಹೊತ್ತಿಗೆ ಯಾವ ಕೆಲಸ

ಈಗ ನಾಲ್ಕು ಕೆಲಸದ ಗುಟ್ಟಿಗೆ ಬರೋಣ. ಸುಮ್ಮನೆ ಒಂದು ಲೆಕ್ಕ ಮಾಡಿ ನೋಡಿ. ದೊಡ್ಡವರ ಒಂದು ಸ್ವೆಟರಿನ ಹಿಂಭಾಗಕ್ಕೆ 110 ಕುಣಿಕೆ, 160 ಸಾಲು ಎಂದಿಟ್ಟುಕೊಳ್ಳಿ. 17,600 ಕುಣಿಕೆ ಆಯಿತು. ಮುಂಭಾಗ ಅಷ್ಟೇ, ಎರಡು ತೋಳು ಸೇರಿ ಹೆಚ್ಚು ಕಡಿಮೆ ಅಷ್ಟೇ. ಒಟ್ಟು ಐವತ್ತು ಸಾವಿರ. ನಿಮಿಷಕ್ಕೆ 25ರಂತೆ ಹಾಕಿದರೆ 2000 ನಿಮಿಷ. ದಿನಕ್ಕೆ ಒಂದು ಕಡೆಯ ಪ್ರಯಾಣದಲ್ಲಿ 40 ನಿಮಿಷ ಕೂತು ಹೆಣೆಯಲು ಸಿಕ್ಕಿದರೆ 50 ದಿನ, ಅಂದರೆ ವಾರಕ್ಕೆ ಐದು ದಿನದಂತೆ ಹತ್ತು ವಾರ. ಅದೂ ದಿನಾ ಸೀಟು ಸಿಕ್ಕಿದರೆ!

ಆದರೆ ಎಲ್ಲಾ ನಿಮಿಷಗಳೂ ಒಂದೇ ಥರ ಇರುವುದಿಲ್ಲ. ರೈಲಿನ ನಿಮಿಷದಲ್ಲಿ ಕೈ ಖಾಲಿ, ಕಣ್ಣು ಖಾಲಿ ಇಲ್ಲ, ಯಾಕೆಂದರೆ ಯಾರು ಎಲ್ಲಿ ಇಳಿಯುತ್ತಾರೆ ಎಂದು ನೋಡಬೇಕು. ಅಲ್ಲಿಗೆ ಬೇಕಾದ್ದು ಲೆಕ್ಕ ಇಡಬೇಕಿಲ್ಲದ ಕೆಲಸ. ಎರಡು ಸೀದಾ ಎರಡು ಉಲ್ಟಾ ಎಂದು ಹೋಗುವ ಮಫ್ಲರು, ಟೊಪ್ಪಿ, ಕಾಲುಚೀಲ. ಉದ್ದ ಕಡ್ಡಿ ಪಕ್ಕದವಳ ಪಕ್ಕೆಗೆ ತಿವಿಯುತ್ತದೆ, ಆದ್ದರಿಂದ ಗಿಡ್ಡ ಕಡ್ಡಿ, ಇಲ್ಲವೇ ನಡುವೆ ತಂತಿಯಿರುವ ಗೋಲ ಕಡ್ಡಿ. ಬಿಳಿ ಉಲ್ಲನ್ ರೈಲಿಗೆ ತರುವ ಹಾಗಿಲ್ಲ. ಸ್ಟೇಶನ್ ಬರುವ ಮೊದಲು ಸಾಲು ಮುಗಿಸಬೇಕು, ಅರ್ಧ ಸಾಲಿನಲ್ಲಿ ಎದ್ದರೆ ಕುಣಿಕೆ ಜಾರುತ್ತದೆ. ಠಾಣೆ ಬಿಟ್ಟ ಮೇಲೆ ಕಳವಾ, ಮುಂಬ್ರಾ, ದಿವಾ, ಕೋಪರ್ ಎಂದು ನಮ್ಮಲ್ಲಿ ಸಾಲುಗಳ ಲೆಕ್ಕ ಸ್ಟೇಶನ್ನುಗಳಲ್ಲೇ.

ಮನೆಯ ನಿಮಿಷ ಬೇರೆ. ಕುಕ್ಕರಿನ ಎರಡನೇ ಸೀಟಿಗೂ ಮೂರನೆಯದಕ್ಕೂ ನಡುವೆ ಸ್ವೆಟರಿನ ಸಾದಾ ಹಿಂಭಾಗ ನಾಲ್ಕು ಸಾಲು ಮೇಲೇರುತ್ತದೆ. ಎಲ್ಲಿ ಬಿಟ್ಟೆವೋ ಅಲ್ಲಿಗೊಂದು ಸೇಫ್ಟಿ ಪಿನ್ನು. ಜಡೆ ಡಿಸೈನು, ಕುತ್ತಿಗೆ ಇಳಿಸುವುದು, ತೋಳು ಕೂಡಿಸುವುದು ಇವೆಲ್ಲ ಭಾನುವಾರ ಮಧ್ಯಾಹ್ನದ ಕೆಲಸ. ಎಲ್ಲರೂ ಮಲಗಿರಬೇಕು, ಫೋನ್ ಬರಬಾರದು. ಮಳೆಗಾಲದ ಜಿಗುಟು ಸೆಕೆಯಲ್ಲಿ ಬೆರಳು ಬೆವತು ದಾರ ಕಡ್ಡಿಯ ಮೇಲೆ ಓಡುವುದೇ ಇಲ್ಲ. ಆಗ ಹತ್ತಿ ದಾರದ ಕ್ರೋಶಾ ಕೆಲಸವೇ ವಾಸಿ. ಉಲ್ಲನ್ ಎಲ್ಲ ನಾಫ್ತಲೀನ್ ಗುಳಿಗೆಯ ಜೊತೆ ಟ್ರಂಕಿನೊಳಗೆ.

ಈಗ ಹೇಳಿ, ಒಂದೇ ಕೆಲಸ ಇಟ್ಟುಕೊಂಡರೆ ಈ ನಾಲ್ಕು ನಮೂನೆಯ ಹೊತ್ತುಗಳಲ್ಲಿ ಮೂರು ಹಾಳಾಗುತ್ತವಲ್ಲ? ದಿನ ಇಡಿಯಾಗಿ ಸಿಗುವವರು ಒಂದೇ ಕೆಲಸ ಇಟ್ಟುಕೊಳ್ಳಬಹುದು. ದಿನ ಚೂರಾಗಿ ಸಿಗುವವರು ಚೂರಿಗೊಂದು ಕೆಲಸ ಇಟ್ಟುಕೊಳ್ಳಲೇಬೇಕು.

ಕಾನ್ಪುರದಿಂದ ಲುಧಿಯಾನಕ್ಕೆ

ದಾರದ ಕಥೆಯನ್ನೂ ಸ್ವಲ್ಪ ಹೇಳಬೇಕು. 1876ರಲ್ಲಿ ಶುರುವಾದ ಕಾನ್ಪುರದ ಉಣ್ಣೆ ಗಿರಣಿಯ 'ಲಾಲ್ ಇಮ್ಲಿ', 1880ರ ದಶಕದಿಂದ ಪಂಜಾಬಿನ ಧಾರಿವಾಲ್, ಇವು ಹಳೆಯ ಕಾಲದ ದೊಡ್ಡ ಹೆಸರುಗಳು. ಸ್ವಾತಂತ್ರ್ಯದ ನಂತರ ಲುಧಿಯಾನದ ಓಸ್ವಾಲ್, ವರ್ಧಮಾನ್ ದಾರಗಳು ಅಂಗಡಿ ತುಂಬಿದವು. ಅಸಲಿ ಉಣ್ಣೆ ಮುಂಬಯಿಯ ಹೆಂಗಸಿಗೆ ದುಬಾರಿಯೂ ಹೌದು, ಒಗೆಯಲು ಕಷ್ಟವೂ ಹೌದು. 'ಕ್ಯಾಶ್ಮಿಲಾನ್' ಎಂದು ಎಲ್ಲರೂ ಕರೆಯುತ್ತಿದ್ದ ಆಕ್ರಿಲಿಕ್ ದಾರ ಬಂದ ಮೇಲೆ ಹೆಣಿಗೆ ಸಾಮಾನ್ಯರ ಮನೆಗೂ ಬಂತು. ತೆಳು ದಾರ, ಬಣ್ಣ ನೂರು, ಕುತ್ತಿಗೆಗೆ ಚುಚ್ಚುವುದಿಲ್ಲ, ಹುಳ ತಿನ್ನುವುದಿಲ್ಲ.

ಕಡ್ಡಿಗೆ ನಂಬರ್ ಇರುತ್ತದೆ. ನಂಬರ್ ಹೆಚ್ಚಾದಷ್ಟೂ ಕಡ್ಡಿ ತೆಳು, ಇದು ಹಳೆಯ ಇಂಗ್ಲಿಷ್ ಲೆಕ್ಕ. ಅಂಚಿನ ಪಟ್ಟಿಗೆ 12 ನಂಬರ್, ಮೈಗೆ 10 ನಂಬರ್ ಎಂಬುದು ನಮ್ಮ ಬಾಯಿಪಾಠ. ಮಿಲಿಮೀಟರಿನಲ್ಲಿ ಹೇಳುವುದಾದರೆ 2.75 ಮತ್ತು 3.25. ದಾರ ಕೊಳ್ಳುವಾಗ ಲಾಟ್ ನಂಬರ್ ನೋಡಬೇಕು. ಅದೇ ಬಣ್ಣ ಎಂದು ಇನ್ನೊಂದು ಲಾಟಿನ ಉಂಡೆ ತಂದರೆ ತೋಳು ಒಂದು ಛಾಯೆ, ಮೈ ಒಂದು ಛಾಯೆ. ತಿಂಗಳ ಸಂಬಳದಲ್ಲಿ ಎಲ್ಲಾ ಉಂಡೆ ಒಟ್ಟಿಗೆ ಕೊಳ್ಳಲಾಗದೆ, ನಾಲ್ಕು ತಂದು ಉಳಿದದ್ದನ್ನು ತೆಗೆದಿಡಲು ಅಂಗಡಿಯವನಿಗೆ ಹೇಳಿ, ಅಷ್ಟರೊಳಗೆ ಲಾಟು ಮುಗಿದು ನಿಂತುಹೋದ ಸ್ವೆಟರುಗಳು ಎಷ್ಟೋ. ಹಾಗೆ ಒಂದು ನಿಂತಾಗ ಇನ್ನೊಂದು ಶುರುವಾಗುತ್ತದೆ. ಚೀಲದಲ್ಲಿ ಕೆಲಸ ಹೆಚ್ಚುವುದಕ್ಕೆ ಕಿಸೆಯೂ ಒಂದು ಕಾರಣ.

ಡಿಸೈನುಗಳು ಪತ್ರಿಕೆಗಳಿಂದ ಬರುತ್ತಿದ್ದವು. ಮುಂಬಯಿಯಿಂದಲೇ 1947ರಲ್ಲಿ 'ಈವ್ಸ್ ವೀಕ್ಲಿ', 1959ರಲ್ಲಿ 'ಫೆಮಿನಾ' ಶುರುವಾದವು. ಹಿಂದಿಯ ಮಹಿಳಾ ಪತ್ರಿಕೆಗಳು ಚಳಿಗಾಲದ ಮೊದಲು ಹೆಣಿಗೆಯ ವಿಶೇಷಾಂಕ ತರುತ್ತಿದ್ದವು. ಮಾಟುಂಗದ ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಹಳೆಯ ವಿಲಾಯಿತಿ ಪತ್ರಿಕೆಗಳೂ ಸಿಗುತ್ತಿದ್ದವು. ಇಂಗ್ಲಿಷ್ ಬಾರದವರೂ ಅದನ್ನು ಓದುತ್ತಿದ್ದರು. 'ಕೆ' ಎಂದರೆ ಸೀದಾ, 'ಪಿ' ಎಂದರೆ ಉಲ್ಟಾ, ಪಕ್ಕದಲ್ಲಿ ಅಂಕಿ. ಅಷ್ಟು ಗೊತ್ತಾದರೆ ಸ್ವೆಟರ್ ಆಯಿತು.

ಆದ ಸ್ವೆಟರು ಹೋಗುತ್ತಿದ್ದುದು ಎಲ್ಲಿಗೆ? ಬೆಳಗಾವಿ, ಧಾರವಾಡ, ಮಡಿಕೇರಿ, ಚಿಕ್ಕಮಗಳೂರಿನ ನೆಂಟರಿಗೆ. ಪುಣೆ, ನಾಶಿಕದ ನಾದಿನಿಯರಿಗೆ. ಆಮೇಲೆ ಅಮೆರಿಕದ ಮೊಮ್ಮಕ್ಕಳಿಗೆ. ಸೀಮಂತ ಆಯಿತು ಎಂದರೆ ಸಾಕು, ಮಗುವಿಗೆ ಟೊಪ್ಪಿ, ಕಾಲುಚೀಲ, ಸ್ವೆಟರಿನ ಸೆಟ್. ಉತ್ತರ ಕರ್ನಾಟಕದವರು ಕುಲಾವಿ, ಕುಂಚಿಗೆ ಎಂದು ಕರೆಯುವುದನ್ನೇ ಉಲ್ಲನ್ನಿನಲ್ಲಿ ಮಾಡಿದವರಿದ್ದಾರೆ. ಊರು ಬಿಟ್ಟು ಬಂದವರಿಗೆ ಊರಿನ ಪ್ರತಿ ಮದುವೆ, ಬಾಣಂತನಕ್ಕೆ ಹೋಗಲಿಕ್ಕಾಗುತ್ತದೆಯೇ? ರಜೆ ಸಿಗದವರ ಪರವಾಗಿ ಸ್ವೆಟರ್ ಹೋಗುತ್ತಿತ್ತು.

ಕುಳಿತುಕೊಳ್ಳಲು ಪರವಾನಗಿ

ಕ್ರಮೇಣ ಇದೆಲ್ಲ ಕಡಿಮೆಯಾಯಿತು. ಲುಧಿಯಾನದ ಮಶೀನು ಸ್ವೆಟರು ದಾರದ ಬೆಲೆಗಿಂತ ಅಗ್ಗಕ್ಕೆ ಸಿಗತೊಡಗಿತು. 1960ರ ದಶಕದಲ್ಲಿ ನಮ್ಮ ಬೈಲುಕುಪ್ಪೆ, ಮುಂಡಗೋಡಿನಲ್ಲಿ ನೆಲೆ ನಿಂತ ಟಿಬೆಟಿಯನ್ ನಿರಾಶ್ರಿತರು ಚಳಿಗಾಲದಲ್ಲಿ ಊರೂರಿಗೆ ಹೋಗಿ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುವುದನ್ನು ನೀವೂ ನೋಡಿದ್ದೀರಿ. ಅದರಲ್ಲೂ ಬಹುಪಾಲು ಮಶೀನಿನದೇ. ರೈಲಿನಲ್ಲಿ ಮೊಣಕೈ ಆಡಿಸಲು ಜಾಗವಿಲ್ಲದಂತಾಯಿತು. ಆಮೇಲೆ ಮೊಬೈಲ್ ಬಂತು. ಕಡ್ಡಿ ಇದ್ದ ಕೈಗಳಲ್ಲಿ ಈಗ ಅದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಲೋಕಲ್ ನಿಂತಾಗ ಟ್ರಂಕಿನ ಉಲ್ಲನ್ ಕೆಲವು ಮನೆಗಳಲ್ಲಿ ಮತ್ತೆ ಹೊರಬಂತು. ಯೂಟ್ಯೂಬ್ ನೋಡಿ ಕಲಿತ ಹುಡುಗಿಯರೂ ಇದ್ದಾರೆ. 2017ರ ಡಿಸೆಂಬರಿನಿಂದ ಓಡುತ್ತಿರುವ ಎಸಿ ಲೋಕಲಿನಲ್ಲಿ ಒಂದು ಶಾಲು ಬೇಕೇ ಬೇಕು ಎನ್ನುವವರೂ ಇದ್ದಾರೆ ಬಿಡಿ.

ಹೆಣಿಗೆ ಹೋದರೆ ಹೋಗಲಿ, ಕಾಲ ಬದಲಾಗುತ್ತದೆ ಎನ್ನಬಹುದು. ನನಗೆ ಅದರ ಬಗ್ಗೆ ಅಷ್ಟು ದುಃಖವಿಲ್ಲ. ಯೋಚನೆಗೆ ಹಚ್ಚುವುದು ಇನ್ನೊಂದು ವಿಷಯ. ಕೇಂದ್ರ ಸರಕಾರ ನಡೆಸಿದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಮನೆಗೆಲಸಕ್ಕೆ ಕೈ ಹಾಕುವ ಗಂಡಸರನ್ನು ಮಾತ್ರ ಲೆಕ್ಕ ಹಿಡಿದರೂ ಅವರದು 88 ನಿಮಿಷ. 2019ರಲ್ಲಿ ಈ ಅಂಕಿಗಳು 299 ಮತ್ತು 97 ಇದ್ದವು. ಐದು ವರ್ಷದಲ್ಲಿ ಹೆಂಗಸರಿಗೆ ಉಳಿದದ್ದು ಹತ್ತು ನಿಮಿಷ. ಗಂಡಸರೂ ಒಂಬತ್ತು ನಿಮಿಷ ಕಡಿಮೆ ಮಾಡಿಕೊಂಡರು!

ಈ ಅಂಕಿಗಳನ್ನು ಇಟ್ಟುಕೊಂಡು ಹಿಂದಿನ ಕಥೆಯನ್ನು ಇನ್ನೊಮ್ಮೆ ನೋಡಿ. ಹೆಣ್ಣು ಸುಮ್ಮನೆ ಕೂರಬಾರದು ಎಂದು ಮಿಷನ್ ಶಾಲೆ ಹೇಳಿತು. ಕೂರುವುದಾದರೆ ಸೈನಿಕನಿಗಾಗಿ ಎಂದು ಯುದ್ಧ ಹೇಳಿತು. ಮಗುವಿಗಾಗಿ, ನಾದಿನಿಗಾಗಿ ಎಂದು ಮನೆ ಹೇಳಿತು. ಯಾವ ಕಾಲದಲ್ಲೂ ಅವಳು ತನ್ನ ಪಾಡಿಗೆ ಅರ್ಧ ಗಂಟೆ ಕೂರುವುದಕ್ಕೆ ಒಂದು ಕಾರಣ ತೋರಿಸಬೇಕಿತ್ತು. ಕೈಯಲ್ಲಿ ಕಡ್ಡಿ ಇದ್ದರೆ ಅತ್ತೆಯೂ ಏನೂ ಅನ್ನುತ್ತಿರಲಿಲ್ಲ. "ಅವಳೇನು ಖಾಲಿ ಕೂತಿದ್ದಾಳೆಯೇ, ಹೆಣೆಯುತ್ತಿದ್ದಾಳೆ" ಎನ್ನುತ್ತಿದ್ದರು. ಉಲ್ಲನ್ ಎಂಬುದು ಕುಳಿತುಕೊಳ್ಳಲು ಸಿಕ್ಕ ಪರವಾನಗಿಯಾಗಿತ್ತು. ಚಳಿಯಿಲ್ಲದ ಊರಿನಲ್ಲೂ ಅದು ಬೇಕಾದದ್ದು ಇದಕ್ಕೇ. ಒಂದು ಮುಗಿದರೆ ಪರವಾನಗಿಯೂ ಮುಗಿಯಿತಲ್ಲ, ಆದ್ದರಿಂದ ಇನ್ನೊಂದು ಸದಾ ಕಡ್ಡಿಯ ಮೇಲೆ ಇರುತ್ತಿತ್ತು.

ಹಾಗಂತ ಅದು ಬರೀ ನೆಪವೂ ಅಲ್ಲ. ಕುಣಿಕೆ ಕುಣಿಕೆಯಾಗಿ ಒಂದು ವಸ್ತು ಕೈಕೆಳಗೆ ಬೆಳೆಯುವುದರಲ್ಲಿ ಇರುವ ಸುಖ ಬೇರೆಯೇ. ಅಡುಗೆ ದಿನಾ ಮಾಡಿದರೂ ಸಂಜೆಗೆ ಪಾತ್ರೆ ಖಾಲಿ. ಒರೆಸಿದ ನೆಲ ಮರುದಿನ ಮತ್ತೆ ಕೊಳೆ. ಹೆಣೆದ ಸಾಲು ಮಾತ್ರ ನಿನ್ನೆ ಎಲ್ಲಿ ಬಿಟ್ಟೆವೋ ಅಲ್ಲೇ ಇರುತ್ತದೆ. ಮನೆಯ ಕೆಲಸಗಳಲ್ಲಿ ಹೀಗೆ ಉಳಿಯುವುದು ಇನ್ನೆಷ್ಟಿವೆ ಹೇಳಿ?

ನಿಮ್ಮ ತಾಯಿಯದೋ ಅತ್ತೆಯದೋ ಹಳೆಯ ಚೀಲ ಮನೆಯಲ್ಲಿದ್ದರೆ, ಈ ದೀಪಾವಳಿಗೆ ಮನೆ ಗುಡಿಸುವಾಗ ಅದನ್ನು ರದ್ದಿಯವನಿಗೆ ಹಾಕಬೇಡಿ. ಅರ್ಧ ಆದ ತುಂಡುಗಳನ್ನು ಮೊದಲು ನೋಡಿ. ಯಾವುದು ಯಾರಿಗೆಂದು ಶುರುವಾಗಿತ್ತು, ಎಲ್ಲಿ ನಿಂತಿತು ಎಂದು ಅವರು ಇದ್ದರೆ ಕೇಳಿ. ಪಿನ್ನು ಚುಚ್ಚಿದ ಜಾಗದಿಂದ ಮುಂದುವರಿಸಲು ಬಾರದಿದ್ದರೆ ಬಿಚ್ಚಿ ಉಂಡೆ ಸುತ್ತಿಡಿ, ದಾರ ಹಾಳಾಗುವುದಿಲ್ಲ. ಮತ್ತೆ ಮನೆಯಲ್ಲಿ ಯಾರಾದರೂ ಹೆಂಗಸು ಕೈಯಲ್ಲಿ ಏನೂ ಇಲ್ಲದೆ ಸುಮ್ಮನೆ ಕಿಟಕಿಯ ಬಳಿ ಕೂತಿದ್ದರೆ, "ಏನು ಮಾಡ್ತಾ ಇದ್ದೀ?" ಎಂದು ಮಾತ್ರ ಕೇಳಬೇಡಿ. ಕೂತಿರಲಿ.